ಬೋರಕ್ಕ ಎತ್ತದ ಫೋನು

ಮಿಸ್ಡ್ ಕಾಲ್ ಕೊಡುವುದನ್ನು ಯಾರು ಕಂಡುಹಿಡಿದರೋ ಯಾವ ಪುಸ್ತಕದಲ್ಲೂ ಬರೆದಿಲ್ಲ. ಫೋನು ಕಂಡುಹಿಡಿದ ಮಹಾನುಭಾವನ ಹೆಸರನ್ನು ಶಾಲೆಯಲ್ಲಿ ಬಾಯಿಪಾಠ ಮಾಡಿಸಿದ್ದರು, ಈಗ ಮರೆತಿದ್ದೇನೆ. ಮಿಸ್ಡ್ ಕಾಲ್ ಮಾತ್ರ ನಮ್ಮಂಥವರ ತಲೆಯಿಂದಲೇ ಹುಟ್ಟಿರಬೇಕು. ಮಾತಿಗೆ ದುಡ್ಡು, ರಿಂಗಿಗೆ ದುಡ್ಡಿಲ್ಲ ಅಂತ ಗೊತ್ತಾದ ದಿನ ಯಾರೋ ಒಬ್ಬ ಪುಣ್ಯಾತ್ಮ ರಿಂಗಿನಲ್ಲೇ ಮಾತಾಡಿಬಿಟ್ಟ. ಆ ಪುಣ್ಯಾತ್ಮ ನನ್ನ ಕೈಗೆ ಸಿಕ್ಕರೆ ಕೊರಳಪಟ್ಟಿ ಹಿಡಿದು ಎಳೆದು ತಂದು ಬೋರಕ್ಕನ ಮುಂದೆ ಕೂರಿಸುತ್ತಿದ್ದೆ. ನೋಡು ಮಾರಾಯ, ನಿನ್ನ ಬುದ್ಧಿವಂತಿಕೆ ಇವಳನ್ನು ಏನು ಮಾಡಿಟ್ಟಿದೆ ಅಂತ.

ನಾನು ಪ್ರೇಮಲತಾ. ಬಿ.ಜಿ. ಕೆರೆಯಲ್ಲಿ ರವಿಕೆ ಹೊಲಿಯುತ್ತೇನೆ, ಸೀರೆಗೆ ಫಾಲ್ ಹಚ್ಚುತ್ತೇನೆ. ಮಿಷನ್ನು ಜಗುಲಿಯ ಮೇಲೇ ಇದೆ. ಬೋರಕ್ಕನದು ಎದುರು ಮನೆ. ಕೂಲಿ ಇದ್ದ ದಿನ ಶೇಂಗಾ ಬಿಡಿಸುವುದಕ್ಕೋ ಈರುಳ್ಳಿ ಕೀಳುವುದಕ್ಕೋ ಹೋಗುತ್ತಾಳೆ, ಇಲ್ಲದ ದಿನ ನನ್ನ ಜಗುಲಿಗೆ ಬಂದು ಹೆಮ್ಮಿಂಗ್ ಮಾಡಿಕೊಡುತ್ತಾಳೆ. ಅವಳ ಕೈ ಚುರುಕು, ಬಾಯಿ ನಿಧಾನ. ನನಗೆ ಬಾಯಿಯೇ ಚುರುಕು. ಅದಕ್ಕೇ ಇಬ್ಬರಿಗೂ ಹೊಂದಿಕೊಂಡಿತು.

ಅವಳ ತವರು ನಾಯಕನಹಟ್ಟಿ ಹತ್ತಿರದ ಒಂದು ಹಟ್ಟಿ. ತಾಯಿಯಿಲ್ಲದ ಮನೆ. ತಮ್ಮ ಗಂಗರಾಜುವನ್ನು ಸೊಂಟದ ಮೇಲೆ ಹೊತ್ತು ಬೆಳೆಸಿದವಳು ಇವಳೇ. ಮದುವೆಯಾಗಿ ಬಂದದ್ದು ಕುರಿ ಕಾಯುವ ಪಾಲಣ್ಣನ ಮನೆಗೆ. ಮಕ್ಕಳಾಗಲಿಲ್ಲ. ಆ ವಿಷಯಕ್ಕೆ ಊರಿನವರು ಆಡಬೇಕಾದ್ದೆಲ್ಲ ಆಡಿ ಮುಗಿಸಿದ್ದಾರೆ, ನಾನೇನೂ ಹೊಸದಾಗಿ ಸೇರಿಸುವುದಿಲ್ಲ. ಪಾಲಣ್ಣ ಮಾತ್ರ ಅದಕ್ಕಾಗಿ ಒಂದು ದಿನ ಅವಳಿಗೆ ಏನೂ ಅಂದವನಲ್ಲ. ಅವನು ಯಾವುದಕ್ಕೂ ಏನೂ ಅನ್ನುತ್ತಿರಲಿಲ್ಲ ಅನ್ನಿ. ಕುರಿಯ ಜೊತೆ ಇದ್ದೂ ಇದ್ದೂ ಮನುಷ್ಯರ ಹತ್ತಿರ ಮಾತಾಡುವುದೇ ಮರೆತುಹೋಗಿತ್ತೋ ಏನೋ.

ದೀಪಾವಳಿ ಕಳೆದರೆ ನಮ್ಮ ಕಡೆ ಹುಲ್ಲು ಒಣಗುತ್ತದೆ. ಕುರಿಯವರು ಮಂದೆ ಹೊಡೆದುಕೊಂಡು ಭದ್ರಾ ಕಾಲುವೆಯ ಕಡೆ ಹೋಗುತ್ತಾರೆ. ಭತ್ತ ಕೊಯ್ದ ಗದ್ದೆಯಲ್ಲಿ ಕುರಿ ನಿಲ್ಲಿಸಿದರೆ ಗದ್ದೆಗೆ ಗೊಬ್ಬರ, ಕುರಿಗೆ ಮೇವು. ಮುಂಗಾರು ಬಿದ್ದ ಮೇಲೇ ವಾಪಸ್ಸು. ಫೋನಿಲ್ಲದ ಕಾಲದಲ್ಲಿ ಪಾಲಣ್ಣ ಬದುಕಿದ್ದಾನೆ ಅಂತ ಗೊತ್ತಾಗುತ್ತಿದ್ದದ್ದು ಆ ಕಡೆಯಿಂದ ಯಾರಾದರೂ ಬಂದರೆ ಮಾತ್ರ. ಬಸ್ಸಿಳಿದು ಬಂದವರನ್ನೆಲ್ಲ ಬೋರಕ್ಕ ಕೇಳುತ್ತಿದ್ದಳು, "ನಮ್ಮೋರೇನಾದ್ರೂ ಕಂಡ್ರಾ?" ಅಂತ. ಆಮೇಲೆ ಬಸ್ ಸ್ಟ್ಯಾಂಡಿನ ಹೋಟೆಲಿಗೆ ಕಾಯಿನ್ ಫೋನು ಬಂತು. ಒಂದು ಸಲ ಪಾಲಣ್ಣ ಅಲ್ಲಿಗೆ ಫೋನು ಮಾಡಿಸಿದ. ಹೋಟೆಲಿನವರು ಕೂಗಿ ಕರೆದರು, ಇವಳು ಸೆರಗು ಸಿಕ್ಕಿಸಿಕೊಂಡು ಓಡಿದಳು, ನಾನೂ ಹಿಂದೆ ಓಡಿದೆ. ಇವಳು "ಹಲೋ" ಅಂದಳು, ಅವನು "ಹಲೋ" ಅಂದ. ಆಮೇಲೆ ಇಬ್ಬರೂ ಸುಮ್ಮನೆ ನಿಂತರು. ಅತ್ತ ಅವನು ಹಾಕಿದ ಕಾಸು ಮುಗಿದು ಫೋನು ತಾನೇ ಕಟ್ಟಾಯಿತು. "ಏನೇ ಅಂದ ನಿನ್ನ ಗಂಡ?" ಅಂದೆ. "ಉಸಿರಾಡ್ತಿದ್ರು ಕಣಕ್ಕ," ಅಂದಳು. ಮುಖ ಮಾತ್ರ ಹಬ್ಬದ ದಿನದ ಹಾಗಿತ್ತು.

ಆಮೇಲೆ ಬಂತು ಈ ಕೈಯಲ್ಲಿ ಹಿಡಿಯುವ ಶನಿ. ನಮ್ಮೂರಿನ ಮೊಬೈಲ್ ಅಂಗಡಿ ಹನುಮಂತರಾಜುವಿನದು. ಅವನ ಹತ್ತಿರ ಗಂಡನಿಗೊಂದು ಹೆಂಡತಿಗೊಂದು ಟಾರ್ಚ್ ಇರುವ ಕೀಪ್ಯಾಡ್ ಸೆಟ್ಟು ತೆಗೆದುಕೊಂಡರು. ಪಾಲಣ್ಣನಿಗೆ ಅಕ್ಷರ ಬರುವುದಿಲ್ಲ, ಅಂಕಿಯೂ ಬರುವುದಿಲ್ಲ. ಅದಕ್ಕೆ ಹನುಮಂತರಾಜು ಒಂದು ಉಪಾಯ ಮಾಡಿಕೊಟ್ಟ: ಎರಡರ ಗುಂಡಿಯನ್ನು ಒತ್ತಿ ಹಿಡಿದರೆ ನೇರವಾಗಿ ಮನೆಗೆ ಹೋಗುವ ಹಾಗೆ. ಆ ಗುಂಡಿಯ ಮೇಲೆ ಉಗುರುಬಣ್ಣದ ಬೊಟ್ಟನ್ನೂ ಇಟ್ಟ. ಪಾಲಣ್ಣ ಕಲಿತದ್ದು ಅದೊಂದೇ. ಬೇರೆ ಯಾರಿಗೆ ಫೋನು ಮಾಡಬೇಕಾದರೂ ಜೊತೆಯ ಕುರಿಯವನು ಸೂರಪ್ಪನೇ ಮಾಡಿಕೊಡುತ್ತಿದ್ದ.

ಗಂಡಹೆಂಡಿರು ಕರಾರು ಮಾಡಿಕೊಂಡರು. ಸಂಜೆ ಮಂದೆ ಕೂಡಿದ ಮೇಲೆ ಅವನು ರಿಂಗ್ ಕೊಡುವುದು. ಕೊಟ್ಟರೆ, ನಾನು ಚೆನ್ನಾಗಿದ್ದೇನೆ ಅಂತ. ಇವಳು ಕೆಂಪು ಗುಂಡಿ ಒತ್ತಿ ಕಟ್ ಮಾಡುವುದು. ಮಾಡಿದರೆ, ನಾನೂ ಚೆನ್ನಾಗಿದ್ದೇನೆ ಅಂತ. ಮೊದಮೊದಲು ಒಂದು ಸಲ ಇವಳು ತಪ್ಪಿ ಹಸಿರು ಗುಂಡಿ ಒತ್ತಿಬಿಟ್ಟಳು. ಕಟ್ ಮಾಡುವುದು ಹೇಗೆ ಅಂತ ಗಾಬರಿಯಲ್ಲಿ ಹೊಳೆಯದೆ ಹಾಗೇ ಕಂಬಳಿಯಡಿ ಮುಚ್ಚಿಟ್ಟಳು. ಅವನ ಕರೆನ್ಸಿಯೆಲ್ಲ ಖಾಲಿ. ಊರಿಗೆ ಬಂದಾಗ ಪಾಲಣ್ಣ, "ಕುರಿ ಕಾಯೋ ನನಗೇ ಕಟ್ ಮಾಡಾಕೆ ಬರ್ತೈತೆ, ನಿನಗೆ ಬರಾಕಿಲ್ವಾ?" ಅಂತ ರೇಗಿಸಿದ. ಅಷ್ಟೇ. ಅವತ್ತಿನಿಂದ ಅವಳ ಹೆಬ್ಬೆರಳು ಕೆಂಪು ಗುಂಡಿ ಬಿಟ್ಟು ಅಲ್ಲಾಡಲಿಲ್ಲ.

ಕಾಲ ಬದಲಾಯಿತು. ಮಾತಿಗೆ ಲೆಕ್ಕವೇ ಇಲ್ಲದ ರೀಚಾರ್ಜು ಬಂತು. ಹಳೇ ನೆಟ್‌ವರ್ಕು ಹೋಗುತ್ತದೆ ಅಂತ ಹೆದರಿಸಿ ಹನುಮಂತರಾಜು ಹೊಸ ಕೀಪ್ಯಾಡ್ ಸೆಟ್ಟನ್ನೂ ಹೊಸ ಸಿಮ್ಮನ್ನೂ ಕೊಟ್ಟ, ಎರಡರ ಗುಂಡಿಗೆ ಮತ್ತೆ ಬೊಟ್ಟಿಟ್ಟ. ಊರ ಹೆಂಗಸರೆಲ್ಲ ಗಂಡನ ಜೊತೆ, ಅವ್ವನ ಜೊತೆ, ಅಕ್ಕತಂಗೇರ ಜೊತೆ ಬೀದಿಯಲ್ಲಿ ಕೂಗಾಡುತ್ತ ಮಾತಾಡತೊಡಗಿದರು. ಇವರಿಬ್ಬರು ಮಾತ್ರ ಹಿಡಿದ ಪಟ್ಟು ಬಿಡಲಿಲ್ಲ.

"ಈಗ ಫ್ರೀ ಐತಲ್ಲೇ ತಾಯಿ, ಎತ್ತಿ ಎರಡು ಮಾತಾಡ್ಬಾರ್ದಾ?" ಅಂದೆ ಒಂದು ದಿನ.

"ಮಾತಾಡಾಕೆ ಏನೈತೆ ಪ್ರೇಮಕ್ಕ? ಅವ್ರು ಚೆನ್ನಾಗವ್ರೆ, ನಾನು ಚೆನ್ನಾಗಿದೀನಿ. ಮುಗೀತಲ್ಲ."

"ಆಯ್ತು, ಚೆನ್ನಾಗಿಲ್ಲ ಅಂದ್ರೆ ಏನ್ ಮಾಡ್ತಾನೆ?"

ಬೋರಕ್ಕ ಸೂಜಿ ಕೆಳಗಿಟ್ಟಳು. "ಬಿಡ್ತು ಅನ್ನು," ಅಂದಳು. ನಾನು ಬಿಡ್ತು ಅಂದೆ. ನಮ್ಮಲ್ಲಿ ದೂರ ಹೋದವರ ಬಗ್ಗೆ ಕೆಟ್ಟದ್ದನ್ನು ಬಾಯಲ್ಲಿ ಆಡುವಂತಿಲ್ಲ. ಮೇಲೆ ಅಸ್ತು ದೇವತೆಗಳು ಓಡಾಡುತ್ತಿರುತ್ತಾರಂತೆ, ಅಸ್ತು ಅಂದುಬಿಟ್ಟರೆ ಆಡಿದ್ದು ಆಗಿಹೋಗುತ್ತದಂತೆ. ಮಂದೆ ಹೊರಟ ಮೇಲಂತೂ ಹಾವು, ಚೇಳು, ಸಿಡಿಲು ಅನ್ನುವ ಮಾತೇ ಮನೆಯೊಳಗೆ ಬರಬಾರದು. ಹಾಗಾಗಿ ಸುಖಕ್ಕೆ ಒಂದು ಗುರುತು ಮಾಡಿಕೊಂಡ ಇವರು ಕಷ್ಟಕ್ಕೆ ಒಂದು ಗುರುತು ಮಾಡಿಕೊಳ್ಳಲೇ ಇಲ್ಲ. ಮಾಡಿಕೊಳ್ಳಬೇಕಾದರೆ ಅದರ ಮಾತೆತ್ತಬೇಕಿತ್ತಲ್ಲ.

ಹೋದ ವರ್ಷ, ಸಂಕ್ರಾಂತಿ ಕಳೆದ ಮೇಲೆ. ಬೋರಕ್ಕ ನನ್ನ ಜಗುಲಿಯಲ್ಲಿ ಕೂತು ಯಾರದೋ ಮದುವೆ ಸೀರೆಗೆ ಕುಚ್ಚು ಕಟ್ಟುತ್ತಿದ್ದಳು. ಊಟದ ಹೊತ್ತು. ಮಡಿಲಲ್ಲಿದ್ದ ಫೋನು ರಿಂಗಾಯಿತು. ನೋಡಿದಳು, ಕಟ್ ಮಾಡಿದಳು. "ಏನೇ, ನಿನ್ನ ಗಂಡನಿಗೆ ಮಟಮಟ ಮಧ್ಯಾಹ್ನವೇ ಸಂಜೆ ಆಯ್ತಾ?" ಅಂದೆ. ಮತ್ತೆ ರಿಂಗಾಯಿತು. ಮತ್ತೆ ಕಟ್ ಮಾಡಿದಳು. ಮತ್ತೆ. ಅವಳ ಕೆನ್ನೆ ಕೆಂಪಾಯಿತು. "ಇವತ್ತೇನೋ ಬಲು ಖುಷಿಯಾಗವ್ರೆ ಕಣಕ್ಕ," ಅಂದಳು. "ಕುರಿ ಅವಳಿ ಈದಿರ್ಬೇಕು." ಮತ್ತೆ ರಿಂಗು. ಅವನಿಗೆ ಬೇಸರವಾಗಬಾರದು ಅಂತ ಕುಚ್ಚಿನ ದಾರ ಹಲ್ಲಲ್ಲಿ ಕಚ್ಚಿಕೊಂಡು, ಎರಡೂ ಕೈ ಬಿಡುವು ಮಾಡಿಕೊಂಡು, ಬಂದಬಂದ ರಿಂಗಿಗೆಲ್ಲ ತಪ್ಪದೆ ಉತ್ತರ ಕೊಟ್ಟಳು. ಆಮೇಲೆ ಫೋನು ಸುಮ್ಮನಾಯಿತು. ಅವಳು ಬಾಯಿಂದ ದಾರ ತೆಗೆದು ಮತ್ತೆ ಕುಚ್ಚು ಕಟ್ಟತೊಡಗಿದಳು.

ಸಂಜೆ ಗಂಗರಾಜು ಬೈಕಿನಲ್ಲಿ ಬಂದ. ಅಕ್ಕನ ಮನೆಗೆ ಹೋಗುವ ಧೈರ್ಯವಿಲ್ಲದೆ ಮೊದಲು ನನ್ನ ಹತ್ತಿರ ಬಂದ. ಸೂರಪ್ಪ ಅವನಿಗೆ ಫೋನು ಮಾಡಿದ್ದನಂತೆ. ಸೂರಪ್ಪ ರಾಗಿ ಬೀಸಿಸಲು ಊರೊಳಗೆ ಹೋಗಿದ್ದಾಗ, ಗದ್ದೆ ಬದುವಿನಲ್ಲಿ ಪಾಲಣ್ಣನಿಗೆ ಹಾವು ಮುಟ್ಟಿತ್ತು. ಸುತ್ತ ಯಾರೂ ಇರಲಿಲ್ಲ. ರಸ್ತೆಯ ಕಡೆ ಸ್ವಲ್ಪ ದೂರ ನಡೆದು ಹೊಂಗೆ ಮರದ ಕೆಳಗೆ ಕೂತಿದ್ದಾನೆ. ಸೂರಪ್ಪ ಬರುವಷ್ಟರಲ್ಲಿ ಮಾತು ನಿಂತಿತ್ತು. ಟೆಂಪೋದಲ್ಲಿ ಹಾಕಿಕೊಂಡು ಹೋದರು, ಆಸ್ಪತ್ರೆ ಮುಟ್ಟುವಷ್ಟರಲ್ಲಿ ಉಸಿರೂ ನಿಂತಿತು. ಫೋನು ಅವನ ಮುಷ್ಟಿಯಲ್ಲೇ ಇತ್ತಂತೆ. ಅವತ್ತು ಅದರಿಂದ ಹೋದ ಕರೆಗಳೆಲ್ಲ ಒಂದೇ ನಂಬರಿಗೆ.

ಸುಳ್ಳು ಯಾಕೆ ಹೇಳಲಿ? ಅವಳು ಹಸಿರು ಗುಂಡಿ ಒತ್ತಿದ್ದರೆ ನಾನು ಆ ಕ್ಷಣವೇ ಸೂರಪ್ಪನಿಗೆ ಫೋನು ಮಾಡುತ್ತಿದ್ದೆ, ಅವನು ಓಡಿ ಬರುತ್ತಿದ್ದ. ಬದುಕುತ್ತಿದ್ದನೋ ಇಲ್ಲವೋ ಆ ದೇವರಿಗೇ ಗೊತ್ತು. ಈ ಮಾತನ್ನು ಮಣ್ಣಿನ ದಿನ ಊರಿನವರು ಎಷ್ಟು ಥರದಲ್ಲಿ ಆಡಬೇಕೋ ಅಷ್ಟೂ ಥರದಲ್ಲಿ ಆಡಿದರು. ಕೆಲವರು ಸಮಾಧಾನದ ಧಾಟಿಯಲ್ಲಿ, ಕೆಲವರು ಅವಳಿಗೆ ಕೇಳಿಸುವ ಹಾಗೆ ಪಿಸುಗುಟ್ಟಿ. ಅವರ ಬಾಯಿಗೆ ಮಣ್ಣು ಹಾಕ! ಬೋರಕ್ಕ ಅದಕ್ಕೆಲ್ಲ ಕಿವಿಗೊಡಲೇ ಇಲ್ಲ. ಅಳಲಿಲ್ಲ. ಗಂಡನ ತಲೆದೆಸೆಯಲ್ಲಿ ಕೂತು ಸೂರಪ್ಪನನ್ನು ಒಂದೇ ಮಾತು ಕೇಳಿದಳು.

"ಏನಂದ್ರು?"

"ನಾನು ಬರೋ ಹೊತ್ತಿಗೆ ಮಾತಿರ್ಲಿಲ್ಲ ಅಕ್ಕ."

"ಹಂಗಾದ್ರೆ ಫೋನಿನಾಗೆ ಏನ್ ಹೇಳಾಕೆ ಹೊಂಟಿದ್ರು?"

ಸೂರಪ್ಪ ಟವೆಲ್ಲು ಬಾಯಿಗೆ ಹಿಡಿದುಕೊಂಡು ಎದ್ದು ಹೋದ.

ಅಲ್ಲಿಂದ ಶುರುವಾಯಿತು. ಜೀವ ಹೋಯಿತು ಅನ್ನುವುದನ್ನು ಅವಳು ಒಪ್ಪಿಕೊಂಡಿದ್ದಳು. ಒಪ್ಪದೇ ಇದ್ದದ್ದು ಒಂದನ್ನೇ: ಹುಟ್ಟಿದಾಗಿನಿಂದ ಮಾತೇ ಆಡದ ಮನುಷ್ಯ ಕೊನೆಗೆ ಅವಳೊಬ್ಬಳಿಗೇ ಏನೋ ಹೇಳಬೇಕು ಅಂತ ಮೇಲಿಂದ ಮೇಲೆ ಕರೆದಿದ್ದಾನೆ, ಆ ಮಾತು ಇಲ್ಲ ಅಂದರೆ ಏನರ್ಥ? ಫೋನನ್ನು ಕಿವಿಗೆ ಒತ್ತಿಕೊಂಡು ಗಂಟೆಗಟ್ಟಲೆ ಕೂರುತ್ತಿದ್ದಳು. ಕೊನೆಗೆ ಒಂದು ಬೆಳಿಗ್ಗೆ, "ಪ್ರೇಮಕ್ಕ, ಹನುಮಂತರಾಜುನ ತಾವ ಹೋಗಿ ಬಿಚ್ಚಿಸಿ ನೋಡಾನ ಬಾ," ಅಂದಳು.

ಹನುಮಂತರಾಜು ಒಳ್ಳೆಯವನು. ಸ್ಟೂಲು ಹಾಕಿ ಕೂರಿಸಿದ. ಎತ್ತದ ಫೋನಿನಲ್ಲಿ ಮಾತು ಬರುವುದಿಲ್ಲ ಅಂತ ನಿಧಾನವಾಗಿ ಬಿಡಿಸಿ ಹೇಳಿದ.

"ಗದ್ದೇಲಿಂದ ಇಲ್ಲೀಗಂಟ ರಿಂಗ್ ಬಂತಲ್ಲ," ಅಂದಳು ಬೋರಕ್ಕ. "ತಂತಿ ಇಲ್ಲ, ಕಂಬ ಇಲ್ಲ, ಗಾಳ್ಯಾಗೆ ಬಂತು. ಅಷ್ಟು ದೂರ ಬಂದಿದ್ದು ಬರೀ ಕೈಯಾಗೆ ಬರ್ತೈತಾ?"

"ಅದು ಬಾಗಿಲು ತಟ್ಟಿದಂಗೆ ಅಷ್ಟೇ ಅಕ್ಕ. ಬಾಗಿಲು ತೆಗೆದಿದ್ರೆ..." ಅಂದವನು ನಾಲಿಗೆ ಕಚ್ಚಿಕೊಂಡ.

ಬೋರಕ್ಕ ಅವನ ಮುಖ ನೋಡಿದಳು. ಫೋನು ಮಡಿಲಿಗೆ ಸಿಕ್ಕಿಸಿಕೊಂಡು ಎದ್ದಳು. ಮನೆ ಬರುವವರೆಗೂ ನಾನು ಹನುಮಂತರಾಜುವಿಗೆ ಬೈಯುತ್ತಲೇ ಬಂದೆ, ಅವಳು ಕೇಳಿಸಿಕೊಳ್ಳುತ್ತಿರಲಿಲ್ಲ.

ಆಮೇಲೆ ಮೊಳಕಾಲ್ಮುರು. ಸಿಮ್ಮಿನ ಕಂಪನಿಯವರ ಅಂಗಡಿ ಅಲ್ಲಿದೆ, ಮಾತು ಅಲ್ಲಿ ಜಮೆಯಾಗಿರುತ್ತದೆ ಅಂತ ಯಾರೋ ತಲೆಹರಟೆ ಅವಳ ತಲೆಗೆ ತುಂಬಿದ್ದ. ಕೌಂಟರಿನ ಹುಡುಗಿ ಕಂಪ್ಯೂಟರ್ ನೋಡಿ, "ಕನೆಕ್ಟೇ ಆಗಿಲ್ಲಮ್ಮ, ಎಲ್ಲ ಜೀರೋ ಸೆಕೆಂಡ್ ತೋರಿಸ್ತೈತೆ," ಅಂದಳು.

"ಜೀರೋ ಅಂದ್ರೆ ಏನಕ್ಕ?" ಅಂತ ಬೋರಕ್ಕ ನನ್ನನ್ನು ಕೇಳಿದಳು.

"ಏನೂ ಇಲ್ಲ ಅಂತ."

"ಅಷ್ಟು ಸಲ ಕರೆದವ್ರೆ. ಏನೂ ಇಲ್ಲ ಅಂತಾರಾ?"

ಹಿಂದೆ ಸಾಲಿನಲ್ಲಿದ್ದವರು ಬೇಗ ಬೇಗ ಅಂತ ಗೊಣಗಿದರು. ನಾನು ಅವರ ಮೇಲೆ ಹರಿಹಾಯ್ದೆ. ಅದರಿಂದ ಏನಾಯಿತು, ಏನೂ ಇಲ್ಲ. ಚಳ್ಳಕೆರೆಯ ರಿಪೇರಿ ಅಂಗಡಿಯ ಸಾಬರೂ ಫೋನಿನ ಹಿಂಬದಿ ಬಿಚ್ಚಿ ಅವಳ ಸಮಾಧಾನಕ್ಕೆ ದುರ್ಬೀನು ಹಾಕಿ ನೋಡಿದರು. "ಆವಾಜ್ ಇಲ್ಲಮ್ಮ ಇದರಾಗೆ. ಇದ್ದಿದ್ರೆ ಅಲ್ಲಾನ ಆಣೆ, ತೆಗೆದುಕೊಡ್ತಿದ್ದೆ," ಅಂದರು. ಬೋರಕ್ಕ ಸೊರಗಿದಳು. ಕೂಲಿಗೆ ಹೋಗುವುದನ್ನು ಬಿಟ್ಟಳು. ನಾನು ಕೊಟ್ಟ ಮುದ್ದೆ ಬಟ್ಟಲಲ್ಲೇ ಒಣಗುತ್ತಿತ್ತು. ಅವಳ ಬಾಗಿಲು ತಟ್ಟುವಾಗಲೆಲ್ಲ ನನಗೆ ಎದೆ ಧಸಕ್ಕೆನ್ನುತ್ತಿತ್ತು.

ಅಕ್ಕ ಹೀಗೆ ಕರಗುವುದನ್ನು ನೋಡಲಾಗದೆ ಗಂಗರಾಜು ಒಂದು ಸುದ್ದಿ ತಂದ. ಚಳ್ಳಕೆರೆಯಲ್ಲಿ ಮಾರುತೇಶ ಅನ್ನುವವನದೊಂದು ಸ್ಟುಡಿಯೋ ಇದೆಯಂತೆ. ಮದುವೆಯ ವಿಡಿಯೋ, ಫ್ಲೆಕ್ಸು ಎಲ್ಲ ಮಾಡುತ್ತಾನೆ. ಈಗ ಹೊಸದು ಬಂದಿದೆ, ಸತ್ತವರ ಧ್ವನಿಯ ಒಂದು ಚೂರು ಕೊಟ್ಟರೆ ಸಾಕು, ಕಂಪ್ಯೂಟರು ಅದೇ ಧ್ವನಿಯಲ್ಲಿ ಮಾತಾಡುತ್ತದೆ. ಸತ್ತ ಅಪ್ಪ ಮಗಳ ಮದುವೆಯಲ್ಲಿ ಆಶೀರ್ವಾದ ಮಾಡಿದ್ದನ್ನು ಗಂಗರಾಜು ತಾನೇ ಕಣ್ಣಾರೆ ನೋಡಿದ್ದನಂತೆ. ಪಾಲಣ್ಣನ ಧ್ವನಿ ಸೂರಪ್ಪನ ವಾಟ್ಸಾಪಿನಲ್ಲಿತ್ತು. ಹಿಂದೊಮ್ಮೆ ಚಹಾದಂಗಡಿಯವನು ತನ್ನ ಫೋನಿನಲ್ಲಿ ಹಿಡಿದು ಕಳಿಸಿಕೊಟ್ಟದ್ದು.

"ಅಕ್ಕ, ಭಾವ ಮಾತಾಡ್ತಾನೆ. ನೀನು ಕೇಳ್ಬೌದು," ಅಂದ ಗಂಗರಾಜು.

ಬೋರಕ್ಕ ಎದ್ದು ನಿಂತಳು. ಎಷ್ಟೋ ದಿನದ ಮೇಲೆ ತಲೆಗೆ ಎಣ್ಣೆ ಹಚ್ಚಿ ಬಾಚಿದಳು. ಒಗೆದಿಟ್ಟ ಸೀರೆ ಉಟ್ಟಳು. ನಾನು ಗಂಗರಾಜುವನ್ನು ಮೂಲೆಗೆ ಕರೆದು, "ಇದೆಲ್ಲ ಬ್ಯಾಡ ಕಣೋ, ಉರಿಯೋ ಗಾಯಕ್ಕೆ ಉಪ್ಪು ಹಾಕ್ದಂಗೆ," ಅಂದೆ. "ಸುಮ್ನಿರ್ರಿ ಅಕ್ಕ, ಭಾವನ ಬಾಯಲ್ಲಿ ಒಂದು ಸಮಾಧಾನದ ಮಾತು ಕೇಳಿದ್ರೆ ಊಟನಾದ್ರೂ ಮಾಡ್ತಾಳೆ," ಅಂದ. ಪಾಪ, ಅವನದೂ ಅಕ್ಕರೆಯೇ. ಬಸ್ಸಿನಲ್ಲಿ ಬೋರಕ್ಕ ಕಿಟಕಿ ಪಕ್ಕ ಕೂತು, "ಇಷ್ಟು ದಿನ ನಾನು ತಪ್ಪು ಅಂಗಡಿಗೆ ಹೋಗ್ತಿದ್ದೆ ನೋಡು ಪ್ರೇಮಕ್ಕ," ಅಂದಳು.

ಮಾರುತೇಶನ ಸ್ಟುಡಿಯೋದಲ್ಲಿ ಎಸಿ ಇತ್ತು. ಮೊದಲು ಅವನು ಸೂರಪ್ಪ ಕಳಿಸಿದ ತುಣುಕು ಹಾಕಿದ. "ಒರೇ ಸೂರಪ್ಪ, ಬರುವಾಗ ಎಲೆಅಡಿಕೆ ತಗೊಂಬಾರೋ. ಮೆಣಸಿನಕಾಯಿ ಮರೀಬ್ಯಾಡ, ಮರೆತ್ರೆ ಸಪ್ಪೆ ಮುದ್ದೇನೇ ನುಂಗ್ಬೇಕಾಗ್ತೈತೆ." ಹಿಂದೆ ಕುರಿ ಅರಚುವುದೂ ಕೇಳಿಸಿತು. ಬೋರಕ್ಕ ಥಟ್ಟನೆ ಸೆರಗು ತಲೆಮೇಲೆ ಎಳೆದುಕೊಂಡಳು, ಎದುರಿಗೆ ಗಂಡ ಬಂದು ನಿಂತ ಹಾಗೆ. ಆಮೇಲೆ ಮಾರುತೇಶ ಏನೇನೋ ಒತ್ತಿದ. ಪರದೆಯ ಮೇಲೆ ಒಂದು ಗಾಲಿ ತಿರುಗಿತು.

ಬೋರಕ್ಕ ಅದು ತಿರುಗಿ ಮುಗಿಯುವುದನ್ನು ಕಾಯಲಿಲ್ಲ. ಕುರ್ಚಿಯ ತುದಿಗೆ ಬಂದು, ಡಬ್ಬದಂಥ ಸ್ಪೀಕರಿನ ಹತ್ತಿರ ಬಾಯಿ ತಂದು, ಮೆಲ್ಲಗೆ ಕೇಳಿಯೇಬಿಟ್ಟಳು.

"ಕೇಳ್ತೈತಾ? ಅವತ್ತು ನಾನು ಕಟ್ ಮಾಡ್ದೆ. ಖುಷಿಯಾಗಿದೀರ ಅಂದ್ಕಂಡೆ. ಏನ್ ಹೇಳಾಕೆ ಕರೆದಿರಿ?"

ಎಸಿಯ ಸದ್ದು ಬಿಟ್ಟು ಏನೂ ಇಲ್ಲ. ಮಾರುತೇಶ ಗಂಗರಾಜುವನ್ನು ನೋಡಿದ. ಗಂಗರಾಜು ಅವನ ಕಿವಿಯಲ್ಲಿ ಏನೋ ಹೇಳಿದ, ಮಾರುತೇಶ ಟಪಟಪ ಒತ್ತಿದ. ಸ್ಪೀಕರು ಮಾತಾಡಿತು. ದೇವರಾಣೆ, ಪಾಲಣ್ಣನದೇ ಗಂಟಲು.

"ಬೋರಕ್ಕ, ನಿನ್ನ ತಪ್ಪು ಏನೂ ಇಲ್ಲ. ನನಗೆ ನೋವಾಗಲಿಲ್ಲ. ನೀನು ಚೆನ್ನಾಗಿ ಊಟ ಮಾಡು."

ಗಂಗರಾಜು ಅಕ್ಕನ ಭುಜದ ಮೇಲೆ ಕೈಯಿಟ್ಟ. ಅವನ ಕಣ್ಣು ಸುರಿಯುತ್ತಿತ್ತು. ಬೋರಕ್ಕ ಮಾತ್ರ ಸ್ಪೀಕರಿನ ಕಡೆಗೆ ಇನ್ನಷ್ಟು ಬಾಗಿದಳು.

"ಇನ್ನೊಂದ್ಸಲ ಹಾಕಪ್ಪ," ಅಂದಳು. ಅವನು ಹಾಕಿದ. ಕೇಳಿದಳು. ಸೆರಗು ತಾನಾಗಿ ತಲೆಯಿಂದ ಜಾರಿತು, ಅವಳು ಎಳೆದುಕೊಳ್ಳಲಿಲ್ಲ.

"ಅವ್ರು ನನ್ನ ಹೆಸರು ಹಿಡಿದು ಕರೆದೋರೇ ಅಲ್ಲ ಗಂಗ. ಮದುವೆಯಾದಾಗ್ಲಿಂದ ಒಂದಿನಾನೂ ಇಲ್ಲ. 'ಇವ್ಳೇ' ಅಂತಿದ್ರು. ಇದು ನಿನ್ನ ಮಾತು. ನಿನ್ನ ಮಾತಿಗೆ ಅವ್ರ ಗಂಟಲು ಹಾಕ್ಸಿದೀಯ."

ಗಂಗರಾಜು ತಲೆ ತಗ್ಗಿಸಿದ. ಮಾರುತೇಶನಿಗೆ ಗಿರಾಕಿ ಕೈತಪ್ಪಿತು ಅನ್ನಿಸಿತೋ, ನಿಜವಾಗಿಯೂ ಮರುಕ ಬಂತೋ, ಕುರ್ಚಿ ಅವಳ ಕಡೆ ತಿರುಗಿಸಿ ಬಹಳ ಮರ್ಯಾದೆಯಿಂದ ಮಾತಾಡಿದ.

"ಬೇಜಾರಾಗ್ಬೇಡ್ರಿ ಅಕ್ಕ, ಅದನ್ನ ಅಳಿಸಿಬಿಡ್ತೀನಿ. ಅವ್ರು ಅವತ್ತು ಏನ್ ಹೇಳಾಕೆ ಫೋನ್ ಮಾಡಿದ್ರು ಅಂತ ನೀವೇ ಹೇಳ್ರಿ. ನಾನು ಹಂಗೇ ಟೈಪ್ ಮಾಡ್ತೀನಿ, ಅವ್ರ ಬಾಯಲ್ಲಿ ಅದನ್ನೇ ಹೇಳಿಸ್ತೀನಿ."

ಅವನು ಬೆರಳುಗಳನ್ನು ಕೀಬೋರ್ಡಿನ ಮೇಲೆ ಇಟ್ಟುಕೊಂಡು ಕಾಯುತ್ತಿದ್ದ. ಮಣ್ಣು ಮಾಡಿದ ದಿನವೂ ಅಳದವಳ ಗಂಟಲಿನಿಂದ ಎಂಥದೋ ಒಂದು ಸದ್ದು ಹೊರಟಿತು.

"ಅದು ನನಗೆ ಗೊತ್ತಿದ್ದಿದ್ರೆ," ಅಂದಳು, "ನಿನ್ನ ಬಾಗಿಲಿಗೆ ಯಾಕಪ್ಪ ಬರ್ತಿದ್ದೆ?"